ಮೇಜಿನ ಕಂಪ್ಯೂಟರಿನಿಂದ ಪುಟ್ಟ ಬೋರ್ಡಿಗೆ

ಕೇಳುಗರಿಗೆ ನಮಸ್ಕಾರ.

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರ ಕೈಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಬೋರ್ಡನ್ನು ನೀವು ನೋಡಿರಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಪ್ರೊಸೆಸರ್, ಮೆಮೊರಿ ಎಲ್ಲ ಆ ಒಂದೇ ಬೋರ್ಡಿನ ಮೇಲೆ. ಹಾರ್ಡ್ ಡಿಸ್ಕ್ ಬದಲು ಒಂದು ಮೆಮೊರಿ ಕಾರ್ಡ್. ಇಂಗ್ಲೆಂಡಿನ ಕೇಂಬ್ರಿಜ್‌ನವರು ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಇದನ್ನು ಮಾಡಿ, 2012ರ ಫೆಬ್ರವರಿ 29ರಂದು ಮಾರಾಟಕ್ಕೆ ತಂದರು. ಆಗ ಅದರ ಬೆಲೆ 35 ಡಾಲರ್, ಮೆಮೊರಿ 256 ಎಂಬಿ. ಈಗ ಅದೇ ಬೋರ್ಡು ಕಾರ್ಖಾನೆಗಳಲ್ಲೂ ಕೆಲಸ ಮಾಡುತ್ತಿದೆ.

ಇಂಥ ಬೋರ್ಡಿಗೆ ಬೇಕಾದ ಪ್ರೋಗ್ರಾಮನ್ನು ಬಹಳ ಜನ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಬರೆಯುತ್ತಾರೆ. ಅಲ್ಲೇ ಕಂಪೈಲ್ ಮಾಡಿ, ಅಂದರೆ ಬರೆದ ಕೋಡನ್ನು ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳಾಗಿ ಬದಲಿಸಿ, ಓಡಿಸಿ ನೋಡಿ, ಆಮೇಲೆ ಬೋರ್ಡಿಗೆ ಸಾಗಿಸುತ್ತಾರೆ. ಅಲ್ಲಿ ಚೆನ್ನಾಗಿ ಓಡಿದ್ದು ಇಲ್ಲಿ ಮಿಸುಕುವುದೇ ಇಲ್ಲ. ಎಷ್ಟೋ ಒಳ್ಳೆಯ ಕೆಲಸ ಈ ಒಂದು ಜಾಗದಲ್ಲಿ ನಿಂತುಹೋಗುತ್ತದೆ ಅನ್ನುವುದು ನನ್ನ ಸಂಕಟ. ವಿದ್ಯಾರ್ಥಿಗಳು ರಾತ್ರಿಯೆಲ್ಲ ಕೂತು ಸರಿಯಾಗಿರುವ ಕೋಡನ್ನೇ ತಿದ್ದುತ್ತಾರೆ. ಬೋರ್ಡು ಏನು ಹೇಳುತ್ತಿದೆ ಅಂತ ಸ್ವಲ್ಪ ನಿಂತು ಓದಿದರೆ ಸಾಕು, ಅರ್ಧ ದಾರಿ ಕಳೆದ ಹಾಗೆ.

ಸಾಗಿಸುವ ಕೆಲಸ ಏನೇನೂ ಕಷ್ಟವಿಲ್ಲ. ಕಂಪ್ಯೂಟರು, ಬೋರ್ಡು ಎರಡೂ ಒಂದೇ ವೈಫೈನಲ್ಲಿದ್ದರೆ ಎಸ್‌ಸಿಪಿ ಅನ್ನುವ ಒಂದು ಸಾಲಿನ ಕಮಾಂಡ್ ಸಾಕು. ದಿನಕ್ಕೆ ಹತ್ತು ಸಲ ಕಳಿಸುವವರು ಆರ್‌ಸಿಂಕ್ ಬಳಸಲಿ, ಅದು ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಪೆನ್‌ಡ್ರೈವ್‌ನಲ್ಲಿ ಒಯ್ದರೆ ಒಂದು ತೊಡಕುಂಟು. ಪೆನ್‌ಡ್ರೈವ್‌ಗಳು ಜಾಸ್ತಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಅನ್ನುವ ಕ್ರಮದಲ್ಲಿರುತ್ತವೆ. ಬೋರ್ಡನ್ನು ನಡೆಸುವ ಸಿಸ್ಟಮ್ ಲಿನಕ್ಸ್. ಈ ಫೈಲನ್ನು ಓಡಿಸಬಹುದು ಅನ್ನುವ ಲಿನಕ್ಸ್ ಅನುಮತಿ ಅಲ್ಲಿ ಉಳಿಯುವುದಿಲ್ಲ. ಬೋರ್ಡಿಗೆ ಇಳಿಸಿದ ಮೇಲೆ ಸಿಎಚ್‌ಮಾಡ್ ಕಮಾಂಡಿನಿಂದ ಮತ್ತೆ ಕೊಡಬೇಕು.

ಸರಿ, ಫೈಲು ತಲುಪಿತು. ಓಡಿಸಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಅಂತ ಬಂತು. ಕಾರಣ ಪ್ರೊಸೆಸರಿನಲ್ಲಿದೆ. ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಇಂಟೆಲ್ 1978ರಲ್ಲಿ ತಂದ 8086 ಚಿಪ್ಪಿನ ವಂಶದವು. ಪೈ ಒಳಗಿರುವುದು ಆರ್ಮ್. ಇದೂ ಕೇಂಬ್ರಿಜ್‌ನಲ್ಲೇ ಹುಟ್ಟಿದ್ದು. ಏಕಾರ್ನ್ ಅನ್ನುವ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದರು, ಮೊದಲ ಚಿಪ್ಪು 1985ರ ಏಪ್ರಿಲ್‌ನಲ್ಲಿ ಓಡಿತು. ಈ ಎರಡು ವಂಶಗಳಿಗೆ ಅರ್ಥವಾಗುವ ಆದೇಶಗಳೇ ಬೇರೆ ಬೇರೆ. ಮೀಟರ್ ಗೇಜ್ ಬೋಗಿಯನ್ನು ಬ್ರಾಡ್ ಗೇಜ್ ಹಳಿಯ ಮೇಲೆ ಇಟ್ಟರೆ ಓಡುತ್ತದೆಯೇ? ಬೋಗಿಯಲ್ಲಿ ಏನೂ ಕೆಟ್ಟಿಲ್ಲ, ಅಲ್ವಾ?

ಇಲ್ಲಿ ನೆರವಿಗೆ ಬರುವುದು ‘ಫೈಲ್’ ಅನ್ನುವ ಲಿನಕ್ಸ್ ಕಮಾಂಡ್. ನಿಮ್ಮ ಪ್ರೋಗ್ರಾಮಿನ ಹೆಸರು ಕೊಟ್ಟರೆ ಅದನ್ನು ಯಾವ ಪ್ರೊಸೆಸರಿಗೆ ಕಟ್ಟಲಾಗಿದೆ, ಅಂದರೆ ಕಂಪೈಲ್ ಮಾಡಲಾಗಿದೆ, 32 ಬಿಟ್ಟೋ 64 ಬಿಟ್ಟೋ ಅಂತ ಹೇಳಿಬಿಡುತ್ತದೆ. ಫೈಲುಗಳ ಪಟ್ಟಿ ತೋರಿಸುವ, ಬೋರ್ಡಿನಲ್ಲಿ ಮೊದಲೇ ಇರುವ ಎಲ್‌ಎಸ್ ಪ್ರೋಗ್ರಾಮಿನ ಮೇಲೂ ಅದನ್ನೇ ಓಡಿಸಿ. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವು ಹೊಂದದಿದ್ದರೆ ತೊಡಕು ಅಲ್ಲೇ ಇದೆ. ಕೋಡಿನ ಒಂದು ಸಾಲನ್ನು ಮುಟ್ಟುವ ಮೊದಲೇ ಈ ಕೆಲಸ ಆಗಲಿ ಅಂತ ನನ್ನ ಕೋರಿಕೆ.

ಪರಿಹಾರ ಎರಡು ರೀತಿಯದು. ಪ್ರೋಗ್ರಾಮು ಸಣ್ಣದಾದರೆ ಮೂಲ ಕೋಡನ್ನೇ ಕಳಿಸಿ ಬೋರ್ಡಿನಲ್ಲೇ ಕಂಪೈಲ್ ಮಾಡಿ. ಅದರಲ್ಲಿ ಸಣ್ಣತನ ಏನೂ ಇಲ್ಲ. ಆದರೆ ಚಿತ್ರಗಳ ಕೆಲಸಕ್ಕೆ ಬಳಸುವ ಓಪನ್‌ಸಿವಿಯಂಥ ದೊಡ್ಡ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಂಗ್ರಹವನ್ನು, ಅಲ್ಲಿ ಕಟ್ಟಲು ಹೊರಟರೆ ಗಂಟೆಗಟ್ಟಲೆ ಹಿಡಿಯುತ್ತದೆ, ಮೆಮೊರಿ ಸಾಲದೆ ನಡುವೆಯೇ ನಿಲ್ಲಲೂಬಹುದು. ಆಗ ಬೇಕಾಗುವುದು ಕ್ರಾಸ್ ಕಂಪೈಲರ್. ಅದು ಇಂಟೆಲ್ ಕಂಪ್ಯೂಟರಿನ ಮೇಲೆ ಓಡುತ್ತಾ ಆರ್ಮ್‌ಗೆ ಬೇಕಾದ ಪ್ರೋಗ್ರಾಮನ್ನು ಕಟ್ಟಿಕೊಡುತ್ತದೆ.

ಆರ್ಮ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ಮೊದಲ ಪೈ, ಮತ್ತು 2015ರಲ್ಲಿ 5 ಡಾಲರಿಗೆ ಬಂದ ಪೈ ಝೀರೋ, ಇವು ಆರ್ಮ್‌ನ 6ನೇ ಆವೃತ್ತಿಯವು. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ ಸಿಗುವ 32 ಬಿಟ್ ಆರ್ಮ್ ಕ್ರಾಸ್ ಕಂಪೈಲರ್ ಸುಮ್ನೆ ಬಿಟ್ಟರೆ 7ನೇ ಆವೃತ್ತಿಗೆ ಕಟ್ಟುತ್ತದೆ. ಅದನ್ನು ಝೀರೋ ಮೇಲೆ ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಬೀಳುತ್ತದೆ. ನಿಮ್ಮ ಬೋರ್ಡಿನ ಆವೃತ್ತಿ ಯಾವುದು ಅಂತ ಕೊಳ್ಳುವಾಗಲೇ ತಿಳಿದುಕೊಳ್ಳಿ.

ಜನರನ್ನು ತುಂಬಾ ಸತಾಯಿಸುವ ಸಂದೇಶ ಇನ್ನೊಂದಿದೆ: ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ.’ ಫೈಲು ಕಣ್ಣೆದುರೇ ಇದೆ, ಬೋರ್ಡು ಮಾತ್ರ ಇಲ್ಲ ಅನ್ನುತ್ತಿದೆ! ಅದು ಸುಳ್ಳು ಹೇಳುತ್ತಿಲ್ಲ. ಪ್ರೋಗ್ರಾಮು ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಜೋಡಿಸಿಕೊಡುವ ಲೋಡರ್ ಅಂತ ಒಂದಿರುತ್ತದೆ. ಇಲ್ಲ ಅಂದದ್ದು ಆ ಲೋಡರನ್ನು. 64 ಬಿಟ್ ಸಿಸ್ಟಮ್ ಹಾಕಿದ ಪೈ ಮೇಲೆ 32 ಬಿಟ್ ಪ್ರೋಗ್ರಾಮ್ ಓಡಿಸಹೋದರೆ ಹೀಗಾಗುತ್ತದೆ. ಸಂದೇಶದಲ್ಲಿ ಲೋಡರಿನ ಹೆಸರೇ ಬರುವುದಿಲ್ಲವಾದ್ದರಿಂದ ಗೊತ್ತಿಲ್ಲದವರು ಇಲ್ಲಿ ದಿನಗಳನ್ನೇ ಕಳೆಯುತ್ತಾರೆ.

ಪ್ರೊಸೆಸರ್ ಹೊಂದಿತು, ಲೋಡರ್ ಸಿಕ್ಕಿತು. ಆಗಲೂ ಗ್ಲಿಬ್‌ಸಿ 2.34 ಇಲ್ಲ ಅಂತ ದೂರು ಬರಬಹುದು. ಗ್ಲಿಬ್‌ಸಿ ಅಂದರೆ ಲಿನಕ್ಸಿನಲ್ಲಿ ಬಹುತೇಕ ಪ್ರೋಗ್ರಾಮುಗಳು ನೆಚ್ಚಿಕೊಂಡಿರುವ ಮೂಲ ಲೈಬ್ರರಿ. ಉಬುಂಟು 22.04ರಲ್ಲಿ ಇರುವುದು 2.35. ಡೆಬಿಯನ್ ಅನ್ನುವ ಇನ್ನೊಂದು ಬಗೆಯ ಲಿನಕ್ಸಿನ 11ನೇ ಆವೃತ್ತಿಯ ಮೇಲೆ ನಿಂತ ಪೈ ಸಿಸ್ಟಮಿನಲ್ಲಿ 2.31. ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಭರವಸೆ ಇಲ್ಲ. ಹಾಗಾಗಿ ಬೋರ್ಡಿನಲ್ಲಿರುವ ಡೆಬಿಯನ್ ಆವೃತ್ತಿಯನ್ನೇ ಮೇಜಿನ ಕಂಪ್ಯೂಟರಿನಲ್ಲಿ ಒಂದು ಕಂಟೇನರ್, ಅಂದರೆ ಉಳಿದ ಸಿಸ್ಟಮಿನಿಂದ ಬೇರ್ಪಡಿಸಿದ ಜಾಗದ ಒಳಗೆ ಇಟ್ಟುಕೊಂಡು ಅಲ್ಲಿ ಕಟ್ಟುವುದು ಒಳ್ಳೆಯದು. ಗೋ ಭಾಷೆ ಬಳಸುವವರು ಒಂದು ಮಟ್ಟಿಗೆ ಪುಣ್ಯವಂತರು. ಸಿ ಲೈಬ್ರರಿಗಳನ್ನು ಸೇರಿಸಿಕೊಳ್ಳದಿದ್ದರೆ, ಯಾವ ಪ್ರೊಸೆಸರಿಗೆ ಅಂತ ಹೇಳಿದರೆ ಸಾಕು, ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಕೊಡುತ್ತದೆ.

ಇನ್ನು ಬೋರ್ಡು ದೂರದಲ್ಲೆಲ್ಲೋ, ಉದಾಹರಣೆಗೆ ತೋಟದ ಪಂಪ್‌ಸೆಟ್ ಮನೆಯಲ್ಲಿ ಕೆಲಸ ಮಾಡುತ್ತಿದೆ ಅಂತಿಟ್ಟುಕೊಳ್ಳಿ. ಹೊಸ ಪ್ರೋಗ್ರಾಮನ್ನು ಹಳೆಯದರ ಮೇಲೆ ನೇರ ಬರೆಯಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಹೊಸದೂ ಇಲ್ಲ, ಹಳೆಯದೂ ಇಲ್ಲ. ಅದೇ ಮೆಮೊರಿ ಕಾರ್ಡಿನ ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಿಂದ ಇಳಿಸಿ. ಸಿಂಕ್ ಕಮಾಂಡ್ ಕೊಟ್ಟು ಅದು ಕಾರ್ಡಿಗೆ ಪೂರ್ತಿ ಬೀಳಲಿ. ಹಳೆಯದರ ಒಂದು ಪ್ರತಿ ತೆಗೆದಿಡಿ. ಆಮೇಲೆ ಎಂವಿ ಕಮಾಂಡಿನಿಂದ ಹೊಸದಕ್ಕೆ ಹಳೆಯ ಹೆಸರು ಕೊಡಿ. ಈ ಹೆಸರಿನ ಅದಲುಬದಲು ಅರ್ಧಕ್ಕೆ ನಿಲ್ಲುವುದಿಲ್ಲ. ಆ ಹೆಸರಿನಲ್ಲಿ ಒಂದೋ ಹಳೆಯದಿರುತ್ತದೆ, ಇಲ್ಲಾ ಹೊಸದಿರುತ್ತದೆ. ಪ್ರೋಗ್ರಾಮು ತಾನೇ ಶುರುವಾಗುವಂತೆ, ಲಿನಕ್ಸ್ ಏಳುವಾಗ ಪ್ರೋಗ್ರಾಮುಗಳನ್ನು ಶುರು ಮಾಡಿಸುವ ಸಿಸ್ಟಮ್‌ಡಿಯಲ್ಲಿ ಬರೆದಿಡಿ. ಬೋರ್ಡನ್ನು ಒಮ್ಮೆ ರೀಬೂಟ್ ಮಾಡಿ, ಅದು ತಾನಾಗಿ ಎದ್ದು ಕೆಲಸ ಶುರು ಮಾಡಿದ್ದನ್ನು ನೋಡಿಕೊಂಡೇ ಅಲ್ಲಿಂದ ಹೊರಡಿ.

ನಮಸ್ಕಾರ.