ಸೀಟು ಕೇಳುವ ಮೊದಲು ಶಿಫ್ಟ್ ಕೇಳಿ

"ಅಣ್ಣ, ಡಿಪ್ಲೊಮಾ ಮುಗೀತು. ಪೀಣ್ಯದಲ್ಲಿ ಕೆಲಸ ಸಿಕ್ಕಿದೆ. ಡಿಸಿಇಟಿಯಲ್ಲಿ ರ‍್ಯಾಂಕೂ ಬಂದಿದೆ. ಕೆಲಸ ಬಿಟ್ಟು ಹಗಲು ಕಾಲೇಜಿಗೆ ಸೇರಲಾ, ಇಲ್ಲಾ ಕೆಲಸ ಇಟ್ಕೊಂಡು ಸಂಜೆ ಕಾಲೇಜಿಗೆ ಹೋಗಲಾ?"

ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. (ಡಿಸಿಇಟಿ ಅಂದರೆ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಸೇರಲು ಬರೆಯುವ ಪ್ರವೇಶ ಪರೀಕ್ಷೆ.) ಉತ್ತರ ಕೊಡುವ ಮೊದಲು ನಾನೊಂದು ಕೇಳುತ್ತೇನೆ. ನಿಮ್ಮ ಸಂಜೆ ಯಾರ ಕೈಯಲ್ಲಿದೆ?

ಫೀಸು ಎಷ್ಟು, ಸಂಬಳ ಎಷ್ಟು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಹಾಕಲೇಬೇಕು. ಆದರೆ ಸಂಜೆ ಕಾಲೇಜನ್ನು ಅರ್ಧಕ್ಕೆ ಬಿಟ್ಟವರಲ್ಲಿ ನಾನು ಕಂಡವರು ಜಾಸ್ತಿ ದುಡ್ಡಿಲ್ಲದೆ ಬಿಟ್ಟವರಲ್ಲ. ಹೊತ್ತು ಸಿಗದೆ ಬಿಟ್ಟವರು.

ನಾನೂ ಸಂಜೆ ಬ್ಯಾಚಿನವನೇ. ಒಂದು ಮೆಷಿನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಶಿಫ್ಟ್ ವಾರವಾರ ಬದಲಾಗುತ್ತಿತ್ತು. ಬೆಳಗ್ಗೆ 6ರಿಂದ 2 ಇದ್ದ ವಾರ ಹಬ್ಬ. ಮನೆಗೆ ಹೋಗಿ ಉಂಡು, ಒಂದು ನಿದ್ದೆ ಮಾಡಿ, ಸಂಜೆ ಕ್ಲಾಸಿಗೆ ಹೋಗಬಹುದಿತ್ತು. ಮಧ್ಯಾಹ್ನ 2ರಿಂದ ರಾತ್ರಿ 10 ಬಂತೋ, ಆ ವಾರದ ಪಾಠ ಅಷ್ಟೂ ಹೋಯಿತು. ನೈಟ್ ಶಿಫ್ಟ್ ಇದ್ದಾಗ ಕ್ಲಾಸ್ ಮುಗಿಸಿ ನೇರ ಕೆಲಸಕ್ಕೆ. ನನ್ನ ನೋಟ್ಸ್ ಪುಸ್ತಕ ತೆರೆದರೆ ಕೂಲಂಟ್ ವಾಸನೆ, ಅಂದರೆ ಲೋಹ ಕೊರೆಯುವಾಗ ತಂಪಿಗೆ ಸುರಿಯುವ ದ್ರವದ ವಾಸನೆ ಬರುತ್ತಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ಕೈಯಿಂದ ಅದು ಹೋಗುತ್ತಿರಲಿಲ್ಲ.

ಒಂದು ದಿನ ಗಣಿತದ ಇಂಟರ್ನಲ್ಸ್ ಇತ್ತು. ಮಧ್ಯಾಹ್ನ ಊಟದ ಹೊತ್ತಲ್ಲಿ ಲಾಪ್ಲಾಸ್ ಸೂತ್ರಗಳನ್ನು ಕೈಮೇಲೆ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. 2ಕ್ಕೆ ಶಿಫ್ಟ್ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಬಂದರು. "ಲಾರಿ ನಿಂತಿದೆ, ಲಾಟ್ ಚೆಕ್ ಮಾಡಿಕೊಟ್ಟು ಹೋಗಪ್ಪ." 200 ಪೀಸು. ಒಂದೊಂದನ್ನೂ ಒರೆಸಬೇಕು, ರಂಧ್ರದ ಅಳತೆ ನೋಡುವ ಬೋರ್ ಗೇಜ್ ಇಳಿಸಬೇಕು, ಡಯಲ್ ಮುಳ್ಳು ನಿಲ್ಲುವ ತನಕ ಕಾಯಬೇಕು, ಬರೆದುಕೊಳ್ಳಬೇಕು. ನಾನು ಕಾಲೇಜು ಗೇಟು ಮುಟ್ಟಿದಾಗ ಬ್ಯಾಚಿನವರು ಪರೀಕ್ಷೆ ಬರೆದು ಹೊರಗೆ ಬರುತ್ತಿದ್ದರು. ಕೈಮೇಲಿನ ಸೂತ್ರ ಅಷ್ಟರಲ್ಲಿ ಬೆವರಿಗೆ ಅಳಿಸಿಹೋಗಿತ್ತು.

ಸೂಪರ್‌ವೈಸರ್ ಮೇಲೆ ನನಗೆ ಸಿಟ್ಟಿಲ್ಲ. ಅವರ ತಲೆಮೇಲೂ ಲಾರಿ ನಿಂತಿತ್ತು, ಅಲ್ವಾ? ತಪ್ಪಿದ್ದು ನಾನು. ಸೀಟು ತಗೊಂಡಿದ್ದೆ, ಆದರೆ ಹೀಗೆ ಕಾಲೇಜಿಗೆ ಸೇರಿದ್ದೇನೆ ಅಂತ ಕಂಪನಿಯಲ್ಲಿ ಬಾಯಿಬಿಟ್ಟು ಹೇಳಿರಲೇ ಇಲ್ಲ. ಹೇಳಿದರೆ ಕೆಲಸದಿಂದ ತೆಗೆದಾರು ಅಂತ ಭಯ. ಮರುದಿನ ಟೈಮ್‌ಟೇಬಲ್ ಲಗತ್ತಿಸಿ ಒಂದು ಪತ್ರ ಕೊಟ್ಟೆ. ಕ್ಲಾಸ್ ಇರುವ ದಿನ ಫಸ್ಟ್ ಶಿಫ್ಟ್ ಕೊಡಿ, ಬದಲಿಗೆ ಭಾನುವಾರ ಬರುತ್ತೇನೆ ಅಂತ ಬರೆದಿದ್ದೆ. ಒಪ್ಪಿದರು. ನೈಟ್ ಶಿಫ್ಟ್ ಭತ್ಯೆ ಕೈಬಿಟ್ಟಿತು. ಆದರೆ ಡಿಗ್ರಿ ಮುಗಿಯಿತು.

ಸಂಜೆ ಓದಿಗೆ ಒಂದು ದೊಡ್ಡ ಲಾಭ ಇದೆ. ಅದನ್ನು ಹೇಳದಿದ್ದರೆ ಮೋಸ ಆಗುತ್ತದೆ. ಡ್ರಾಯಿಂಗ್ ಮೇಲೆ ಎಚ್‌7 ಅಂತ ಇರುತ್ತಿತ್ತು. ವರ್ಷಗಟ್ಟಲೆ ಅದನ್ನು ನೋಡಿ ಪೀಸು ಪಾಸು ಮಾಡಿದ್ದೆ, ಫೇಲು ಮಾಡಿದ್ದೆ. ರಂಧ್ರದ ಅಳತೆ ಹೇಳಿದ್ದಕ್ಕಿಂತ ಕಡಿಮೆ ಆಗಬಾರದು, ಇಷ್ಟು ಮೈಕ್ರಾನ್ ಮಾತ್ರ ಜಾಸ್ತಿ ಆಗಬಹುದು, ಯಾಕೆಂದರೆ ಒಳಗೆ ಕೂರುವ ಶಾಫ್ಟಿಗೆ ಸಡಿಲ ಬೇಕು ಅಂತ ಮೇಷ್ಟ್ರು ಬಿಡಿಸಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅದೇ ಪೀಸನ್ನು ಕೈಯಲ್ಲಿ ಹಿಡಿದೆ. ಹಗಲು ಕಾಲೇಜಿನ ಹುಡುಗನಿಗೆ ಅದು ಪುಸ್ತಕದ ಒಂದು ಕೋಷ್ಟಕ. ನನಗೆ ಅದು ಕೈಯಲ್ಲಿತ್ತು.

ಹಾಗಂತ ಎಲ್ಲರೂ ಸಂಜೆ ಕಾಲೇಜಿಗೆ ಬನ್ನಿ ಅನ್ನುವುದಿಲ್ಲ. ನಿಮ್ಮ ಸಂಬಳದಿಂದಲೇ ಮನೆಯ ಒಲೆ ಉರಿಯಬೇಕು ಅಂತ ಇಲ್ಲದಿದ್ದರೆ ಹಗಲು ಕಾಲೇಜಿಗೇ ಸೇರಿ. ಡಿಪ್ಲೊಮಾದವರಿಗೆ ನೇರ ಎರಡನೇ ವರ್ಷಕ್ಕೆ ಪ್ರವೇಶ, 3 ವರ್ಷದಲ್ಲಿ ಬಿಇ. ಎಂ.ಟೆಕ್ ಸೇರಲು ಗೇಟ್ ಪರೀಕ್ಷೆ ಬರೆಯುವ ಆಸೆ ಇದ್ದರೆ, ಕ್ಯಾಂಪಸ್ ಇಂಟರ್‌ವ್ಯೂ ಬೇಕಿದ್ದರೆ ಅದೇ ದಾರಿ. ನಮ್ಮ ಬ್ಯಾಚಿಗಂತೂ ಯಾವ ಕಂಪನಿಯೂ ಬರಲಿಲ್ಲ. ಸಿಕ್ಕಿದ ಕೆಲಸ ಬಿಟ್ಟರೆ ಏನು ಗತಿ ಅಂತ ಸುಮ್ನೆ ಹೆದರಬೇಡಿ. 20ನೇ ವಯಸ್ಸಿಗೆ ಬಿಟ್ಟ ಆ ಕೆಲಸ 23ಕ್ಕೆ ಮತ್ತೆ ಸಿಗುತ್ತದೆ, ಕೈಯಲ್ಲಿ ವಿದ್ಯೆ ಇದ್ದೇ ಇದೆ.

ಇನ್ನೊಂದು ಮಾತು. "ಕ್ಲಾಸಿಗೆ ಬರೋದೇ ಬೇಡ, ಮನೆಯಿಂದಲೇ ಬಿಇ" ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟ ಡೀಮ್ಡ್ ವಿಶ್ವವಿದ್ಯಾಲಯಗಳ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ) ಪ್ರಕರಣದಲ್ಲಿ ಎಷ್ಟೋ ಜನರ ಡಿಗ್ರಿಯನ್ನೇ ತಡೆಹಿಡಿಯಿತು, ರದ್ದು ಮಾಡಿತು. ಬಿಎ, ಬಿಕಾಂ ವಿಷಯ ಬೇರೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ ಮಾನ್ಯತೆ ಇದ್ದರೆ ದೂರಶಿಕ್ಷಣದ ಆ ಪದವಿ ರೆಗ್ಯುಲರ್‌ಗೆ ಸಮ. ಎಂಜಿನಿಯರಿಂಗ್ ಓದಬೇಕು, ಕೆಲಸವೂ ಇರಬೇಕು ಅನ್ನುವವರಿಗೆ ಸಂಜೆ ಕಾಲೇಜುಗಳಿವೆ. ಅದರ ಜೊತೆಗೆ, ಕೆಲಸದಲ್ಲಿರುವವರಿಗೆ ಅಂತಲೇ ಹೊಂದುವ ಹೊತ್ತಿನಲ್ಲಿ ಕ್ಲಾಸ್ ನಡೆಸಲು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ 2023ರಿಂದ ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ಆ ಒಪ್ಪಿಗೆ ಪತ್ರ ಇದೆಯಾ ಅಂತ ಕಾಲೇಜಿನಲ್ಲಿ ಕೇಳಿ ನೋಡಿ.

ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು, ಶುರುವಾಗುವ ಮೊದಲು ಕಂಪನಿಯಲ್ಲಿ ಮಾತಾಡಿ. ವಾರಕ್ಕೆ ಎಷ್ಟು ದಿನ ಕ್ಲಾಸ್, ಎಷ್ಟು ಹೊತ್ತಿಗೆ ಗೇಟು ದಾಟಬೇಕು, ಎಲ್ಲ ಹೇಳಿ. ಒಪ್ಪಿದರೆ ಬರಹದಲ್ಲಿ ತಗೊಳ್ಳಿ. ಒಪ್ಪದಿದ್ದರೆ ನನಗೆ ಬರೆಯಿರಿ. ನಿಮ್ಮ ಶಿಫ್ಟ್ ಯಾವುದು, ಕಾಲೇಜು ಎಷ್ಟು ದೂರ ಅಂತ ಕೂತು ನೋಡೋಣ.