ಥ್ರೆಡ್ಡು ಹೋದ ತೂತಿಗೆ ಹೊಸ ಹಿಡಿತ

ಕೇಳುಗರಿಗೆ ನಮಸ್ಕಾರ. ಮನೆಯಂಗಳದಲ್ಲೇ ಕಾರಿನ ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆ ಒಟ್ಟುಗೂಡಿಸುವ ಕೊಳವೆ, ಬಿಚ್ಚಿ, ಹೊಗೆ ಸಲೀಸಾಗಿ ಹೊರಹೋಗುವ ಹೆಡರ್ ಕೂರಿಸುವವರಿಗೆ ಇವತ್ತಿನ ಮಾತು. ಕೊನೆಯ ಬೋಲ್ಟು ಬಿಗಿ ಮಾಡುವಾಗ ಸ್ಪಾನರ್ ತಿರುಗುತ್ತಲೇ ಹೋಗಿ ಬಿಗಿ ಬಾರದಿದ್ದರೆ, ಅಲ್ಲಿಗೇ ಕೈ ನಿಲ್ಲಿಸಿ. ಬೋಲ್ಟು ಹೊರತೆಗೆದು ನೋಡಿ. ಅದರ ಸುತ್ತುಗಳ ಸಂದಿಯಲ್ಲಿ ಬೆಳ್ಳಿ ಸರಿಗೆಯ ಹಾಗೆ ಹೊಳೆಯುವ ಎಳೆ ಸುತ್ತಿಕೊಂಡಿದ್ದರೆ, ಅದು ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನಿಂದ ಕಿತ್ತುಬಂದ ಥ್ರೆಡ್ಡು.

ಹೀಗಾಗಲು ಮುಖ್ಯ ಕಾರಣ ಉದ್ದದ ಲೆಕ್ಕ ತಪ್ಪುವುದು. ಹೊಸ ಹೆಡರಿನ ಫ್ಲಾಂಜು, ಅಂದರೆ ಬೋಲ್ಟು ಕೂರುವ ಚಪ್ಪಟೆ ಪಟ್ಟಿ, ಹಳೆಯದಕ್ಕಿಂತ ದಪ್ಪ ಇದ್ದರೆ, ಹಳೆಯ ಬೋಲ್ಟು ಒಳಗೆ ಹಿಡಿಯುವುದು ನಾಲ್ಕೈದು ಸುತ್ತು ಮಾತ್ರ. ಮೆದು ಅಲ್ಯೂಮಿನಿಯಮ್ಮಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಾಲಾದರೂ ಹಿಡಿತ ಬೇಕು. ಎಂ-8, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಅದು 12 ಮಿಲಿಮೀಟರ್. ಬೋಲ್ಟು ವಿಪರೀತ ಉದ್ದ ಇದ್ದರೂ ಕಷ್ಟವೇ: ತಳ ಮುಟ್ಟಿ ನಿಲ್ಲುತ್ತದೆ, ಫ್ಲಾಂಜು ಮಾತ್ರ ಸಡಿಲ. ಅದನ್ನು ಬಿಗಿ ಮಾಡಲು ಹೋದಾಗ ಥ್ರೆಡ್ಡು ಕಿತ್ತುಬರುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಉಂಟು. ಪಣಂಬೂರು, ಸುರತ್ಕಲ್, ಮಲ್ಪೆ ಕಡೆಯ ಉಪ್ಪುಗಾಳಿಗೆ, ಉಕ್ಕಿನ ಸ್ಟಡ್ಡು, ಅಂದರೆ ತಲೆಯಿಲ್ಲದ ಬೋಲ್ಟು, ಅಲ್ಯೂಮಿನಿಯಮ್ಮಿನೊಳಗೆ ಕೂತಲ್ಲಿ ಬಿಳಿ ಪುಡಿ ಕಟ್ಟಿ ಉಬ್ಬುತ್ತದೆ. ಬಲ ಹಾಕಿ ತಿರುಗಿಸಿದರೆ ಸ್ಟಡ್ಡು ತುಂಡಾಗುತ್ತದೆ, ಇಲ್ಲವೇ ಥ್ರೆಡ್ಡನ್ನೂ ಜೊತೆಗೆ ಎಳೆದು ತರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಸ್ಟಡ್ಡಿನ ಸುತ್ತಲಿನ ಹೆಡ್ಡನ್ನು ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲಾಗುತ್ತದೆ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಆಡಿಸುತ್ತಾ ಬಿಚ್ಚಿ.

ಮೊದಲ ಒಂದೆರಡು ಸುತ್ತು ಮಾತ್ರ ನಜ್ಜಾಗಿದ್ದರೆ ಡ್ರಿಲ್ ಬೇಡ. ಅದೇ ಅಳತೆಯ ಒಳ್ಳೆಯ ಬೋಲ್ಟಿಗೆ ಹ್ಯಾಕ್ಸಾದಲ್ಲಿ ಉದ್ದಕ್ಕೆ ಮೂರು ಗೀರು ಕೊಯ್ದು, ಅಂಚು ಅರದಿಂದ ಸವರಿ, ಎಣ್ಣೆ ಹಚ್ಚಿ ಕೈಯಲ್ಲೇ ತಿರುಗಿಸಿ. ಕೊಳೆ ಗೀರುಗಳಲ್ಲಿ ತುಂಬಿ ಹೊರಬರುತ್ತದೆ, ಥ್ರೆಡ್ಡು ನೇರವಾಗುತ್ತದೆ. ಟ್ಯಾಪ್ ಅಂದರೆ ಥ್ರೆಡ್ಡು ಕೊರೆಯುವ ಟೂಲು; ಹೊಸ ಟ್ಯಾಪ್ ಹಾಕಿದರೆ ಉಳಿದ ಒಳ್ಳೆಯ ಲೋಹವನ್ನೂ ಕೊರೆದು ತೆಗೆಯುವ ಭಯ ಉಂಟು.

ಥ್ರೆಡ್ಡು ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ ಹಾಕಬೇಕು. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಅದು. ದೊಡ್ಡದು ಮಾಡಿದ ತೂತಿನೊಳಗೆ ಕೂತು, ಹಳೆಯ ಅಳತೆಯ ಬೋಲ್ಟಿಗೇ ಹೊಸ ಥ್ರೆಡ್ಡು ಕೊಡುತ್ತದೆ. ಅಲ್ಯೂಮಿನಿಯಂ ಕಡೆಯ ಹಿಡಿತ ಅಗಲವಾಗುವ ಕಾರಣ, ಸರಿಯಾಗಿ ಹಾಕಿದರೆ ಮೊದಲಿನದಕ್ಕಿಂತ ಗಟ್ಟಿ. ಎಪಾಕ್ಸಿ ಪುಟ್ಟಿ ತುಂಬುವುದು, ಎಂ-8 ತೆಗೆದು ಎಂ-10 ಬೋಲ್ಟು ತುರುಕುವುದು, ಇವೆರಡೂ ಬೇಡ. ಎಕ್ಸಾಸ್ಟಿನ ಬಿಸಿಗೆ ಪುಟ್ಟಿ ನಿಲ್ಲುವುದಿಲ್ಲ. ಎಂ-10 ಬೋಲ್ಟು ಫ್ಲಾಂಜಿನ ತೂತಿಗೆ ಹೋಗುವುದೂ ಕಷ್ಟ.

ಅಳತೆ ಬರೆದುಕೊಳ್ಳಿ. ಎಂ-8, ಪಿಚ್ ಅಂದರೆ ಸುತ್ತಿನಿಂದ ಸುತ್ತಿಗೆ ಇರುವ ಅಂತರ 1.25 ಮಿಲಿಮೀಟರ್. ಡ್ರಿಲ್ ಬಿಟ್ 8.3 ಮಿಲಿಮೀಟರ್. ಇನ್ನೊಮ್ಮೆ ಹೇಳುತ್ತೇನೆ, 8.3. ಸುರುಳಿಯ ಉದ್ದ 12 ಮಿಲಿಮೀಟರ್. ಟ್ಯಾಪ್ ಹೆಲಿಕಾಯಿಲ್ ಕಿಟ್ಟಿನದೇ ಆಗಬೇಕು, ಸಾಮಾನ್ಯ ಎಂ-8 ಟ್ಯಾಪ್ ಇಲ್ಲಿ ನಡೆಯದು.

ಡ್ರಿಲ್ ಮಾಡುವ ಮೊದಲು ತೂತಿನ ಆಳ ನೋಡಿ. ಹಿಡಿಸೂಡಿಯ ಒಂದು ಕಡ್ಡಿ ಸಾಕು. ತಳ ಮುಟ್ಟಿಸಿ, ಉಗುರಿನಿಂದ ಹಿಡಿದು, ಹೊರತೆಗೆದು ಸ್ಕೇಲಿನ ಮೇಲಿಡಿ. ಅಷ್ಟೇ ಅಳತೆಗೆ ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ. ಆ ಟೇಪು ದಾಟಬಾರದು. ಅದರಾಚೆ ಕೂಲೆಂಟ್ ನೀರಿನ ದಾರಿಯೋ ಎಣ್ಣೆಯ ದಾರಿಯೋ ಇರಬಹುದು, ಅಲ್ಲಿಗೆ ತೂತು ಬಿದ್ದರೆ ಹೆಡ್ಡೇ ಬಿಚ್ಚಬೇಕಾದೀತು.

ಮನೆಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಡ್ರಿಲ್ ಓರೆಯಾಗಿ. ಕೈಡ್ರಿಲ್ಲನ್ನು ಕಣ್ಣಳತೆಯಲ್ಲಿ ನೇರ ಹಿಡಿಯಲು ಹೋಗಬೇಡಿ. ಒಂದಿಂಚು ದಪ್ಪದ ಕಬ್ಬಿಣದ ತುಂಡಿಗೆ ಲೇತ್ ಅಂಗಡಿಯಲ್ಲಿ ಸರಿಯಾಗಿ ಲಂಬಕ್ಕೆ 8.3ರ ತೂತು ಹೊಡೆಸಿಕೊಂಡು ಬನ್ನಿ. ಅದನ್ನು ಹೆಡ್ಡಿನ ಮೇಲೆ ಒತ್ತಿ ಕಟ್ಟಿ, ಬಿಟ್ಟಿನ ಮೇಲಿನ ಟೇಪನ್ನು ಆ ತುಂಡಿನ ದಪ್ಪದಷ್ಟು ಮೇಲಕ್ಕೆ ಸರಿಸಿ, ಅದರ ಮೂಲಕವೇ ಡ್ರಿಲ್ ಇಳಿಸಿ. ವೇಗ ಕಡಿಮೆ ಇರಲಿ. ಹಳೆಯ ತೂತನ್ನು ಅಗಲ ಮಾಡುವಾಗ ಡ್ರಿಲ್ ಬಿಟ್ ತಾನಾಗಿ ಒಳಗೆಳೆದುಕೊಳ್ಳುತ್ತದೆ, ತಡೆದು ಹಿಡಿಯಿರಿ.

ಟ್ಯಾಪಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹನಿಸುತ್ತಾ ಇರಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತಳ ಮುಚ್ಚಿದ ಕುರುಡು ತೂತಾದರೆ ಮೊನೆಯ ಟ್ಯಾಪ್ ಆದ ಮೇಲೆ ತಳದವರೆಗೆ ಕೊರೆಯುವ ಟ್ಯಾಪ್ ಬೇಕು. ಆಮೇಲೆ ಪುಡಿ ತೆಗೆಯಿರಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ ಬ್ರೇಕ್ ಕ್ಲೀನರ್, ಸಣ್ಣ ಬ್ರಷ್, ಕೊನೆಗೆ ಗಾಳಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಸುರುಳಿಯನ್ನು ಟೂಲಿಗೆ ಸಿಕ್ಕಿಸಿ, ಒತ್ತದೆ ತಿರುಗಿಸಿ. ಒತ್ತಿದರೆ ಸುತ್ತು ಹಾರಿ ಒಂದರ ಮೇಲೊಂದು ಕೂರುತ್ತದೆ. ಮೇಲಿನ ಸುತ್ತು ಹೆಡ್ಡಿನ ಮಟ್ಟಕ್ಕಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗಿರಬೇಕು. ಮೇಲೆ ಉಳಿದರೆ ಗ್ಯಾಸ್ಕೆಟ್ ಕೂರುವುದಿಲ್ಲ. ಕೊನೆಗೆ ಸುರುಳಿಯ ತಳದಲ್ಲಿ ಅಡ್ಡಕ್ಕಿರುವ ತಂತಿಯ ನಾಲಿಗೆಯನ್ನು ಪಂಚಿನಿಂದ ಒಂದೇ ಏಟಿಗೆ ಮುರಿದು ಹೊರತೆಗೆಯಿರಿ.

ಸ್ಪಾರ್ಕ್ ಪ್ಲಗ್ಗಿನ ತೂತಿನ ವಿಚಾರ ಬೇರೆ. ಅಲ್ಲಿ ಬಿದ್ದ ಪುಡಿ ಸೀದಾ ಪಿಸ್ಟನ್ ಮೇಲೆ ಬೀಳುತ್ತದೆ, ಸಿಲಿಂಡರ್ ಗೋಡೆ ಗೀರಿಹೋಗುತ್ತದೆ. ಟ್ಯಾಪಿನ ಸಂದಿಗೆ ಗಟ್ಟಿ ಗ್ರೀಸ್ ತುಂಬಿ, ಎರಡೆರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ ಮತ್ತೆ ತುಂಬಿ. ಥ್ರೆಡ್ಡು ಪೂರ್ತಿ ಹೋಗಿದ್ದರೆ ಹೆಡ್ ಬಿಚ್ಚಿ ಮಷೀನ್ ಶಾಪಿಗೆ ಒಯ್ಯುವುದೇ ಸರಿ, ಖರ್ಚಾದರೂ ಎಂಜಿನ್ ಉಳಿಯುತ್ತದೆ. ಹೊಸ ಪ್ಲಗ್ಗನ್ನು ತಣ್ಣಗಿನ ಎಂಜಿನ್ನಿಗೆ, ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲೇ ಶುರು ಮಾಡಿ. ಓರೆ ಹಿಡಿದರೆ ಪೈಪು ಜಾರುತ್ತದೆ, ಥ್ರೆಡ್ಡು ಉಳಿಯುತ್ತದೆ.

ಈಗ ಹೆಡರ್ ಕೂರಿಸುವುದು. ಬೋಲ್ಟಿಗಿಂತ ಸ್ಟಡ್ಡು ಮತ್ತು ನಟ್ಟು ಒಳ್ಳೆಯದು. ಮತ್ತೆ ಬಿಚ್ಚುವಾಗ ಸವೆಯುವುದು ನಟ್ಟು, ಹೆಡ್ಡಲ್ಲ. ನೈಲಾನ್ ಇರುವ ನಟ್ಟು, ಸಾಮಾನ್ಯ ಥ್ರೆಡ್ ಲಾಕರ್ ಅಂಟು ಎರಡೂ ಈ ಬಿಸಿಗೆ ತಡೆಯುವುದಿಲ್ಲ. ತಾಮ್ರದ ಪೇಸ್ಟ್ ತೆಳ್ಳಗೆ ಹಚ್ಚಿ. ಎಂ-8ಕ್ಕೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ, ಆದರೆ ನಿಮ್ಮ ಕಾರಿನ ಮ್ಯಾನ್ಯುವಲ್ಲಿನ ಅಂಕಿಯೇ ಅಂತಿಮ. ಪೇಸ್ಟ್ ಹಚ್ಚಿದ ಮೇಲೆ ಅದಕ್ಕಿಂತ ಸ್ವಲ್ಪ ಕಡಿಮೆ ಇರಲಿ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ, ಎರಡು ಮೂರು ಸರದಿಯಲ್ಲಿ.

ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ, ಪೂರ್ತಿ ತಣ್ಣಗಾದ ಮೇಲೆ ಪ್ರತಿ ನಟ್ಟನ್ನೂ ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿನ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಸದ್ದು ಬಂದರೆ, ಟಾರ್ಚ್ ಹಿಡಿದು ಫ್ಲಾಂಜಿನ ಅಂಚು ನೋಡಿ. ಮಸಿಯ ಕಪ್ಪು ಗೆರೆ ಎಲ್ಲಿ ಕಂಡಿತೋ ಸೋರಿಕೆ ಅಲ್ಲೇ. ನಮಸ್ಕಾರ.