ಮೊದಲು ಕೆರೆ, ಆಮೇಲೆ ದೋಸೆ

ನಮಸ್ಕಾರ. ದಾವಣಗೆರೆ ಜಿಲ್ಲೆಯ ಸೂಳೆಕೆರೆ ನೋಡಿ ಬನ್ನಿ ಎಂದಿದ್ದ ಕಳೆದ ವಾರದ ವಿಡಿಯೊ ಕೆಳಗೆ ಒಬ್ಬರು ಸಿಟ್ಟು ಕಾರಿದ್ದಾರೆ. "ನಿಮ್ಮ ಮಾತು ಕೇಳಿ ಸೂಳೆಕೆರೆಗೆ ಹೋಗಿ ದಿನ ಹಾಳಾಯಿತು. ಬರೀ ಬಿಸಿಲು. ಕರಾವಳಿಯ ಹಿನ್ನೀರು ನೋಡಿದವರಿಗೆ ಇದೇನು ಮಹಾ?" ಎಷ್ಟು ಗಂಟೆಗೆ ಹೋಗಿದ್ದಿರಿ ಎಂದು ಕೇಳಿದೆ. "ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮುಗಿಸಿ ಹೊರಟೆವು, ತಲುಪುವಾಗ ಮಧ್ಯಾಹ್ನ ಒಂದು ಗಂಟೆ."

ಸಿಕ್ಕಿಬಿದ್ದರು! ತಪ್ಪು ಕೆರೆಯದಲ್ಲ, ದೋಸೆಯದು. ಮೊದಲು ಕೆರೆ, ಆಮೇಲೆ ದೋಸೆ. ಇಷ್ಟೇ ನನ್ನ ವಾದ.

ಬೆಣ್ಣೆ ದೋಸೆಯ ಗುಣ ನಿಮಗೆ ಗೊತ್ತಿಲ್ಲವೇ? ಕೈಯಗಲದ ದೋಸೆ, ಮೇಲೆ ಬಿಳಿ ಬೆಣ್ಣೆ, ಪಕ್ಕದಲ್ಲಿ ಸಪ್ಪೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಒಂದು ಎಂದು ಕುಳಿತವರು ಮೂರಕ್ಕೆ ಏಳುತ್ತಾರೆ. ಆಮೇಲೆ ಕಾರಿನಲ್ಲಿ ನಿದ್ದೆ. ಕೆರೆಯ ದಾರಿಯಲ್ಲೇ ಇರುವ ಸಂತೇಬೆನ್ನೂರಿನ ಪುಷ್ಕರಿಣಿ ನಿದ್ದೆಯಲ್ಲೇ ಹಿಂದೆ ಸರಿಯುತ್ತದೆ. 16ನೇ ಶತಮಾನದ ಹೊಂಡ, ನಡುನೀರಿನಲ್ಲಿ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಇದನ್ನು ಗೊರಕೆ ಹೊಡೆಯುತ್ತಾ ದಾಟಿದವರು ನನಗೆ ಪ್ರವಾಸದ ಪಾಠ ಹೇಳುತ್ತಾರೆ!

ಬೆಳಗಿನ ಜಾವವೇ ಊರು ಬಿಡಿ. ಕತ್ತಲಿರುವಾಗಲೇ ಹೊರಡಿ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಕೆರೆ ಅದು. ಏರಿಯೇನು ಉದ್ದವಿಲ್ಲ, ಆದರೆ ಅದರ ಹಿಂದಿನ ನೀರಿಗೆ ಆಚೆ ದಡ ಕಣ್ಣಿಗೆ ಎಟುಕುವುದಿಲ್ಲ. ಬೋರ್ಡಿನಲ್ಲಿ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ಸಿದ್ಧನಾಲೆ, ಬಸವನಾಲೆ ಎಂದು ಎರಡು ನಾಲೆಗಳು. ಕುಡಿಯುವ ನೀರು ಚಿತ್ರದುರ್ಗದವರೆಗೆ ಹೋಗುತ್ತದೆ. ದುರ್ಗದವರೇ, ನಿಮ್ಮ ಬಿಂದಿಗೆ ತುಂಬುವ ಕೆರೆಯನ್ನು ಒಮ್ಮೆಯಾದರೂ ಹೋಗಿ ನೋಡಿದ್ದೀರಾ? ಇಲ್ಲ. ಏಕೆ? ದೋಸೆ!

"ಖಾಲಿ ಹೊಟ್ಟೆಯಲ್ಲಿ ಹೇಗೆ ನೋಡುವುದು" ಎಂದು ಇನ್ನೊಬ್ಬರು ಕೇಳಿದ್ದಾರೆ. ಕಣ್ಣಿನಿಂದ ನೋಡಿ, ಸ್ವಾಮಿ. ತೀರಾ ತಡೆಯದಿದ್ದರೆ ಮನೆಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಏರಿಯ ಮೇಲೆ ಕುಳಿತು ತಿನ್ನಿ. ಕಾಗದ ಅಲ್ಲೇ ಎಸೆದು ಬಂದರೆ ಈ ಚಾನೆಲ್ ನೋಡಬೇಡಿ. ಉಳಿದವರು ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ. ನಮ್ಮಮ್ಮ ಕೂಡ ಇನ್ನೂ ಒತ್ತಿಲ್ಲ, ಅದು ಬೇರೆ ವಿಷಯ.

ದೋಸೆ ಎಲ್ಲಿಗೂ ಓಡಿಹೋಗುವುದಿಲ್ಲ. ಹತ್ತು ಗಂಟೆಗೆ ಕೆರೆ ಬಿಟ್ಟರೂ ಊರಿಗೆ ಬಂದು ತಿನ್ನಬಹುದು, ಸಂಜೆ ಮಂಡಕ್ಕಿ ಮಿರ್ಚಿಯೂ ಉಂಟು. ಬೆಳಗಿನ ಕೆರೆ ಸಂಜೆಗೆ ಸಿಗುತ್ತದೆಯೇ? ಹಿನ್ನೀರಿನ ಮಹಾಶಯರೇ, ಅಲ್ಲಿ ದೋಣಿ ಹತ್ತಲು ಆರಕ್ಕೇ ಎದ್ದಿರುತ್ತೀರಿ. ನಮ್ಮ ಕೆರೆಗೆ ಮಾತ್ರ ಸುಡು ಮಧ್ಯಾಹ್ನವೇ? ದೂರದ ನೀರಿಗೆ ನಸುಕು, ಹತ್ತಿರದ ನೀರಿಗೆ ನಡುಹಗಲು! ಮೊದಲು ಕೆರೆ! ಆಮೇಲೆ ದೋಸೆ! ಕಾರಣ ಇನ್ನೂ ನಾಲ್ಕು ಬರೆದುಕೊಂಡಿದ್ದೆ, ಚೀಟಿ ಕಾಣುತ್ತಿಲ್ಲ. ಇರಲಿ, ಮೊದಲು ಕೆರೆ ಎಂದರೆ ಮೊದಲು ಕೆರೆ.

ನಮ್ಮ ಕ್ಯಾಮೆರಾ ಹಿಡಿದ ಹುಡುಗ ಆಗಿನಿಂದ ಹೊಟ್ಟೆ ತೋರಿಸುತ್ತಿದ್ದಾನೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ. ತಡೆದುಕೋ ತಮ್ಮಾ, ನಾವಿನ್ನೂ ಕೆರೆಗೆ ಹೋಗಿಲ್ಲ.